ನಡುಗುವ ಎಮ್ಮೆಗೆ ತಣ್ಣೀರು

ಕಂಪೌಂಡರ್ ಕಾಕಾ,

ನಿಮ್ಮ ಮೇಲೆ ಸಿಟ್ಟು ಬಂದಿದೆ. ತೀರಿಕೊಂಡವರ ಮೇಲೆ ಸಿಟ್ಟಾಗಬಾರದಂತೆ. ಆದರೆ ನಿನ್ನೆ ಹುಡಗಿ ಗ್ರಾಮಕ್ಕೆ ಹೋಗಿ ಬಂದಾಗಿನಿಂದ ನನಗೆ ಬೇರೇನೂ ತೋಚುತ್ತಿಲ್ಲ.

ಹುಮನಾಬಾದಿನ ದನದ ದವಾಖಾನೆಗೆ ನಾನು ಹೊಸ ಡಾಕ್ಟರಾಗಿ ಬಂದ ವರ್ಷ ನೆನಪಿದೆಯಲ್ಲ? ಹುಡಗಿ ಗ್ರಾಮದ ಕಾಶಮ್ಮ ಎಮ್ಮೆ ಹೊಡೆದುಕೊಂಡು ಬಂದಿದ್ದಳು. ನೀವು ಥರ್ಮಾಮೀಟರಿನ ದಾರವನ್ನು ಬಾಲಕ್ಕೆ ಕಟ್ಟಿ ಜ್ವರ ನೋಡಿದಿರಿ: ನೂರಾ ಆರು. ಬಿಸಿಲು ಹೊಡೆದಿದೆ ಎಂದು ನಾನು ತಣ್ಣೀರು ತರಲು ಹೇಳಿದೆ.

"ಸಾಹೇಬ್ರ, ಬಿಸಲ ಹೊಡದ್ರ ದನ ಬಾಯಿ ತಗದು ತೇಕತದ. ಇದು ನಡಗಾಕತ್ತದ. ಕೌದಿ ಹೊಚ್ಚೂಣ್ರಿ" ಎಂದಿರಿ.

"ಕಾಲೇಜಿಗಿ ಹೋದಾಂವ ನಾನೋ ನೀವೋ?" ಎಂದು ಜನರೆದುರೇ ಕೇಳಿದೆ. ನೀವು ಕೊಡ ತುಂಬಿ ಎಮ್ಮೆಯ ಮೇಲೆ ಸುರಿದಿರಿ. ಎಮ್ಮೆ ಬದುಕಿತು, ನಾನು ಬೀಗಿದೆ.

ಹೋದ ತಿಂಗಳು ಬೀದರಿನ ತರಬೇತಿಯಲ್ಲಿ ಒಬ್ಬರು ವಿವರಿಸಿದರು. ಮೈಯ ಕಾವನ್ನು ಹಿಡಿತದಲ್ಲಿಡುವ ಜಾಗ ಮೆದುಳಿನ ತಳದಲ್ಲಿದೆಯಂತೆ. ರೋಗ ಬಂದಾಗ ಅಲ್ಲಿ ಒಂದು ರಾಸಾಯನಿಕ ಹುಟ್ಟಿ, ಮೈ ಇನ್ನೂ ಕಾಯಲಿ ಎಂದು ಅಪ್ಪಣೆ ಕೊಡುತ್ತದೆ. ಅಷ್ಟು ಕಾಯುವವರೆಗೆ ದನಕ್ಕೆ ಚಳಿಯೇ, ಅದಕ್ಕೇ ನಡುಕ. ಆಗ ನೀರು ಸುರಿದರೆ ಇನ್ನೂ ನಡುಗಿ ಇದ್ದ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಹಾಗಾದರೆ ಆ ಎಮ್ಮೆ ಬದುಕಿದ್ದು ಹೇಗೆ? ಕೇಳಲೆಂದೇ ನಿನ್ನೆ ಕಾಶಮ್ಮನ ಮನೆಗೆ ಹೋದೆ.

"ನೀವು ಒಳಗ ಹೋದ ಕೂಡ್ಲೆ ಕಾಕಾ ಮೈ ಒರಸಿ, ಬೇವಿನ ಗಿಡದ ಹಿಂದ ಒಯ್ದು ಕೌದಿ ಹೊಚ್ಚಿದ್ರು ರೀ. ಸಾಹೇಬ್ರಿಗಿ ಹೇಳಬ್ಯಾಡ, ಹೊಸಬರಿದ್ದಾರ, ಮನಸಿಗಿ ಹಚ್ಕೋತಾರ ಅಂದ್ರು."

ಹಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಕಾಕಾ? ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದೆ, ಅಷ್ಟೇ ತಾನೆ? ನೀವು ನನ್ನ ಮರ್ಯಾದೆ ಕಾದಿರಿ. ನಾನು ಅದೇ ಧೈರ್ಯದಲ್ಲಿ ವರ್ಷಗಟ್ಟಲೆ ನಡುಗುವ ದನಗಳ ಮೇಲೆ ನೀರು ಸುರಿಸಿದೆ. ನೀವಿದ್ದಷ್ಟು ದಿನ ಎಲ್ಲವೂ ಯಾಕೆ ಬದುಕಿದವೆಂದು ಈಗ ತಿಳಿಯುತ್ತಿದೆ. ನೀವು ನಿವೃತ್ತರಾದ ಮೇಲೆ ರಾಜೇಶ್ವರ ಊರಿನಿಂದ ಒಂದು ಎತ್ತು ಬಂತು. ನೀರು ಹಾಕಿಸಿದೆ. ಅದು ನಡುಗಿ ನಡುಗಿ ನನ್ನ ಕಣ್ಣೆದುರೇ... ರೋಗದಿಂದ ಸತ್ತಿತೋ ನನ್ನಿಂದಲೋ, ಯಾರನ್ನು ಕೇಳಲಿ? ನೀವೂ ಇಲ್ಲ.

ಇವತ್ತು ಬೆಳಿಗ್ಗೆ ನಮ್ಮ ಹೊಸ ಡಾಕ್ಟರು ನಡುಗುತ್ತಿದ್ದ ಆಕಳಿಗೆ ನೀರು ತರಿಸಿದರು. "ಬ್ಯಾಡ್ರಿ, ತಪ್ಪು ಮಾಡಾಕತ್ತೀರಿ" ಎಂದು ಎಲ್ಲರೆದುರೇ ಹೇಳಿ ಕೊಡ ಕಸಿದುಕೊಂಡೆ. ಮಧ್ಯಾಹ್ನ ಅವರು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಕೂರದಿದ್ದರೆ ಬೇಡ, ನಾಳೆಯೂ ಹೇಳುತ್ತೇನೆ. ಆಕಳು ಬೇವಿನ ಗಿಡದ ಮುಂದೆ, ಎಲ್ಲರಿಗೂ ಕಾಣುವ ಹಾಗೆ, ಕೌದಿ ಹೊದ್ದು ಮಲಗಿದೆ.