ಗೋಪುರ ಕಟ್ಟಿದ ಚಮಚ

ಸವಣೂರು, ಪುತ್ತೂರು ತಾಲೂಕು
೧೨ ಜೂನ್ ೧೯೮೮

ಚಿರಂಜೀವಿ ಹರಿಣಾಕ್ಷಿಗೆ,

ಮಾವನ ಆಶೀರ್ವಾದಗಳು. ನೀನು ಮುನಿಸಿಕೊಂಡು ಸುಳ್ಯದ ಹಾಸ್ಟೆಲಿಗೆ ಹೋಗಿ ತಿಂಗಳು ಕಳೆಯಿತು. ಊರಿನ ಅನ್ಯಾಯಗಳ ಬಗ್ಗೆ ವಾರಕ್ಕೊಮ್ಮೆ ಪತ್ರಿಕೆಗೆ ಬರೆಯುವವನಿಗೆ ತಂಗಿಯ ಮಗಳಿಗೆ ನಾಲ್ಕು ಸಾಲು ಬರೆಯಲು ಇಷ್ಟು ದಿನ ಬೇಕಾಯಿತು. ಕ್ಷಮಿಸು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಮ್ಮ ನನ್ನೊಡನೆ ಮಾತು ಕಡಿಮೆ ಮಾಡಿದ್ದಾಳೆ. ನೀನು ಊಟ ಬಿಟ್ಟಿದ್ದೀಯೆಂದೂ ತರಗತಿಯಲ್ಲಿ ತಲೆ ತಿರುಗಿ ಬಿದ್ದೆಯೆಂದೂ ನಿನ್ನ ಗೆಳತಿ ಪ್ರೇಮಾವತಿ ಬರೆದ ಕಾಗದವನ್ನು ಮೊನ್ನೆ ನನ್ನ ಚಹಾದ ಲೋಟದ ಪಕ್ಕದಲ್ಲಿಟ್ಟು ಒಳಗೆ ಹೋದಳು.

ನೀನು ಮುನಿಸಿಕೊಂಡ ಆ ದಿನ, ಊಟದ ಪಂಕ್ತಿಯಲ್ಲಿ ಎರಡನೇ ಸಲ ಪಾಯಸ ಹಾಕಿಸಿಕೊಂಡಾಗ ನಾನು, "ಸಾಕು ಮಾರಾಯ್ತಿ, ಪುತ್ತೂರಿನ ಜವುಳಿ ಅಂಗಡಿಯ ಬಟ್ಟೆ ಎಲ್ಲ ನಿನಗೊಬ್ಬಳಿಗೇ ಬೇಕಾದೀತು" ಎಂದೆ. ಪಂಕ್ತಿಯೇ ನಕ್ಕಿತು. ನೀನು ಎಲೆ ಮಡಚಿ ಎದ್ದೆ. ಆ ನಗು ನನಗಿನ್ನೂ ಕೇಳಿಸುತ್ತಿದೆ.

ಕಳೆದ ವಾರ ಆದಂ ಕುಂಞಿಯ ಅಂಗಡಿಗೆ ಹೋಗಿ ಒಂದು ಅಚ್ಚು ಬೆಲ್ಲ ಕೇಳಿದೆ. "ದನ ಕರು ಹಾಕಿದೆಯಾ ಮಾಷ್ಟ್ರೇ?" ಎಂದ.

"ಮನುಷ್ಯರಿಗೆ ಮಾರಾಯ."

"ಮನುಷ್ಯರು ಈಗ ಇದನ್ನು ಕೇಳುದು" ಎಂದು ಬಣ್ಣದ ಶರಬತ್ತಿನ ಬಾಟಲಿ ತೋರಿಸಿದ. ಅಂಗಡಿಯ ಮುಂದೆ ಮಿಠಾಯಿ, ಬಿಸ್ಕತ್ತುಗಳ ಮಾಲೆ. ಮಕ್ಕಳ ಕೈಗೆ ಎಟಕುವಷ್ಟೇ ಕೆಳಗೆ! ಅದನ್ನು ಕಟ್ಟಿದ್ದು ಆದಂ ಕುಂಞಿಯಲ್ಲ, ಕಂಪೆನಿಯ ಏಜೆಂಟನಂತೆ.

ನಿನ್ನ ಅಜ್ಜಿಯ ಕಾಲದಲ್ಲಿ ಬಿಸಿಲಲ್ಲಿ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಸಿಹಿ ಅಷ್ಟೇ ಇತ್ತು. ಎರಡನೇ ತುಂಡನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಅಕ್ಕಿ ಕೊಡುವಾಗ ಅಜ್ಜಿಯ ಸೇರಿನ ಮೇಲೆ ಗೋಪುರ ಏಳಲೇಬೇಕು. ಯಾರಾದರೂ ಕೈಯಿಂದ ಸವರಿದರೆ, "ಮಟ್ಟ ಮಾಡಿ ಕೊಡ್ಲಿಕ್ಕೆ ನಮ್ಮದೆಂತ ರೇಶನ್ ಅಂಗಡಿಯಾ?" ಎಂದು ಗದರುತ್ತಿದ್ದರು.

ಚಾವಡಿಯ ಗೋಡೆಯಲ್ಲಿ ನಿನ್ನದೊಂದು ಫೋಟೋ ಉಂಟಲ್ಲ, ತೊಡೆಯಲ್ಲಿ ಮೂರು ಮಡಿಕೆ ಬಿದ್ದ ಮಗು? ಅದು ೧೯೭೦ರಲ್ಲಿ ಶಿಶು ಆಹಾರದ ಕಂಪೆನಿಯೊಂದು ಪುತ್ತೂರಿನಲ್ಲಿ ನಡೆಸಿದ ಸ್ಪರ್ಧೆಯಲ್ಲಿ ತೆಗೆದದ್ದು. ಮಕ್ಕಳನ್ನು ತಕ್ಕಡಿಯಲ್ಲಿ ತೂಗಿದರು. ಹೆಚ್ಚು ತೂಗಿದ್ದೇ ಆರೋಗ್ಯ. ನಿನಗೆ ಮೊದಲ ಬಹುಮಾನ, ಆರು ಡಬ್ಬಿ ಅದೇ ಕಂಪೆನಿಯ ಹಾಲಿನ ಪುಡಿ. ಊರೆಲ್ಲ ನಿನ್ನ ಕೆನ್ನೆ ಹಿಂಡಿ "ಪುಷ್ಟಿಯಾಗಿದೆ" ಎಂದಿತು. ಒಂದು ವಯಸ್ಸಿನಲ್ಲಿ ಹಾರ ಹಾಕಿದ ದೇಹಕ್ಕೆ ಇನ್ನೊಂದು ವಯಸ್ಸಿನಲ್ಲಿ ನಗುವವರು ನಾವು. ನಡುವೆ ಹಣ ಮಾಡಿಕೊಂಡವರ ಹೆಸರನ್ನು ಯಾರೂ ಎತ್ತುವುದಿಲ್ಲ.

ಮಗೂ, ಊಟ ಬಿಡಬೇಡ. ಗಂಜಿ, ಚಟ್ನಿ, ಬಸಳೆ ಸಾರು ಯಾರಿಗೂ ದ್ರೋಹ ಮಾಡಿಲ್ಲ. ಬರುವ ಭಾನುವಾರ ಮೊದಲ ಬಸ್ಸಿನಲ್ಲಿ ನಾನೇ ಬರುತ್ತೇನೆ. ಬೈಯುವುದಿದ್ದರೆ ಬೈದುಬಿಡು, ಆಮೇಲೆ ಇಬ್ಬರೂ ಕುಳಿತು ಉಣ್ಣೋಣ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಾವ,
ಸರ್ವೋತ್ತಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ನಿನ್ನ ಅಮ್ಮನಿಗೆ ಎದೆಹಾಲಿನ ಕೊರತೆ ಇರಲಿಲ್ಲ. ಸ್ಪರ್ಧೆಗಾಗಿ ಮೊದಲ ಡಬ್ಬಿ ತಂದವನು ನಾನು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದವನೂ ನಾನೊಬ್ಬನೇ. ಡಬ್ಬಿಯ ಮೇಲಿನ ದೊಡ್ಡ ಅಕ್ಷರಗಳನ್ನು ಓದಿ ಹೇಳಿದೆ. ಸಣ್ಣ ಅಕ್ಷರದಲ್ಲಿದ್ದ ಸಕ್ಕರೆಯನ್ನು ಓದಲಿಲ್ಲ. ಡಬ್ಬಿಯ ಚಿತ್ರದಲ್ಲಿ ಚಮಚ ಮಟ್ಟವಾಗಿರುವುದನ್ನು ಕಂಡು ಅವಳು, "ಅಣ್ಣಾ, ಹೀಗೆ ಸವರಬೇಕಾ?" ಎಂದು ಕೇಳಿದ್ದಳು. ನಾನು ನಕ್ಕು, ನಿನ್ನ ಅಜ್ಜಿಯ ಧಾಟಿಯಲ್ಲೇ, "ನಮ್ಮ ಮಗುವಿಗೆ ಎಂತ ಲೆಕ್ಕ? ಗೋಪುರ ಕಟ್ಟಿ ಹಾಕು" ಎಂದೆ.

ಡಬ್ಬಿಯೊಳಗೆ ಬಂದಿದ್ದ ಆ ಅಳತೆಯ ಚಮಚ ಈಗ ನಮ್ಮ ಉಪ್ಪಿನ ಭರಣಿಯಲ್ಲಿದೆ. ಹದಿನೆಂಟು ವರ್ಷಗಳಿಂದ ನಿನ್ನ ಅಮ್ಮ ಆ ಬಗ್ಗೆ ಒಂದು ಮಾತೂ ಆಡಿಲ್ಲ. ಉಪ್ಪು ತೆಗೆಯುವಾಗಲೆಲ್ಲ ಬೆರಳಿನಿಂದ ಅದನ್ನು ಮಟ್ಟ ಮಾಡುತ್ತಾಳೆ.