ತಂಬಿಗೆ ಕದ್ದ ಬೀಗತಿಯ ಪರವಾಗಿ

ಮಾನ್ಯ ತನಿಖಾಧಿಕಾರಿಗಳೇ,

ಕಲ್ಯಾಣ ಮಂಟಪದ ಹಿತ್ತಾಳೆ ತಂಬಿಗೆಯನ್ನು ನನ್ನ ಹೆಂಡತಿ ಜಯಮಾಲಾ ಕದ್ದಳೆಂದು ತಾವು ಕೇಸು ಹಾಕಿದ್ದೀರಿ. ಕದ್ದದ್ದು ನಿಜ, ಕಳ್ಳಿ ಎಂಬುದು ಸುಳ್ಳು. ಇಷ್ಟು ಸಣ್ಣ ವ್ಯತ್ಯಾಸವೂ ಹಿಡಿಸದಷ್ಟು ನಿಮ್ಮ ಕಡತ ಇಕ್ಕಟ್ಟಾಗಿದೆಯೇ?

ನನ್ನ ತಮ್ಮ ಸತೀಶಕುಮಾರನಿಗೆ ಹುಮನಾಬಾದಿನ ಹೆಣ್ಣು ತಂದೆವು. ಮದುವೆ ಮುಗಿಸಿ ಹೊರಡುವಾಗ ಗಂಡಿನ ಮನೆಯ ಹಿರಿಸೊಸೆ ಬೀಗರದೊಂದು ಪಾತ್ರೆ ಕದಿಯಬೇಕು. ಹೊಸ ಸೊಸೆ ಮೊದಲ ಸಲ ತವರಿಗೆ ಹೋಗುವಾಗ ಅದರ ತುಂಬ ಸಿಹಿ ಉಂಡಿ ತುಂಬಿ ಮರಳಿಸಬೇಕು. ಇದು ನಮ್ಮ ಮನೆತನದ ಪದ್ಧತಿ. ಹಿಂದೆ ಮದುವೆ ಹೆಣ್ಣಿನ ಮನೆಯಂಗಳದಲ್ಲೇ ಆಗುತ್ತಿತ್ತು. ಈಗ ಅಂಗಳವೂ ಬಾಡಿಗೆ, ತಂಬಿಗೆಯೂ ಬಾಡಿಗೆ. ಈ ಬದಲಾವಣೆಯನ್ನು ಪದ್ಧತಿಗೆ ಯಾರೂ ತಿಳಿಸಿರಲಿಲ್ಲ.

ಜಯಮಾಲಾ ಸೆರಗಿನೊಳಗೆ ತಂಬಿಗೆ ಸೇರಿಸುವಾಗ ನಮ್ಮ ಹೆಂಗಸರು ಹಾಡುತ್ತಿದ್ದರು. ಹೆಣ್ಣಿನ ತಾಯಿ ಕಸ್ತೂರಿಬಾಯಿ "ಹಿಡೀರ್ರೆವ್ವಾ ಈ ಕಳ್ಳಿನ್ನ!" ಎಂದು ನಗುತ್ತ ಬಾಗಿಲಿಗೆ ಅಡ್ಡ ನಿಂತಿದ್ದರು. ಬ್ಯಾಂಡಿನವರು ಬಾರಿಸುತ್ತಿದ್ದರು, ನಾನು ಚಪ್ಪಾಳೆ ತಟ್ಟುತ್ತಿದ್ದೆ. ಬ್ಯಾಂಡು ಹಚ್ಚಿ ಕನ್ನ ಹಾಕುವ ತಂಡವೊಂದು ನಿಮ್ಮ ಸೇವಾವಧಿಯಲ್ಲಿ ಎಂದಾದರೂ ಸಿಕ್ಕಿದೆಯೇ? ಮಂಟಪದ ಕ್ಯಾಮೆರಾ ಎಲ್ಲವನ್ನೂ ನೋಡಿತು, ಅದಕ್ಕೆ ಕಿವಿಯಿಲ್ಲ. ನಿಮಗಿದೆ ಎಂದು ನಂಬಿದ್ದೆ. ತಂಬಿಗೆಯ ಬೆನ್ನಿಗೆ ಆ ನಂಬಿಗೆಯೂ ಹೋಯಿತು.

ಉಂಡಿ ತುಂಬಿ ಒಯ್ದಾಗ ಕಸ್ತೂರಿಬಾಯಿ ಹಣೆ ಬಡಿದುಕೊಂಡರು: "ಅಯ್ಯ ಶಿವನ, ಇದು ನಮ್ದಲ್ರಿ ಬೀಗ್ರ, ಮಂಟಪದವ್ರದು!" ಮಂಟಪಕ್ಕೆ ಓಡಿದೆವು. ಮಾಲೀಕರ ದೂರು ಆಗಲೇ ನಿಮ್ಮಲ್ಲಿತ್ತು. ಅವರು ಅದನ್ನು ಹಿಂಪಡೆಯಲು ಸಿದ್ಧರಿದ್ದರು. ನೀವು ಒಪ್ಪದೆ ತಂಬಿಗೆ ಜಪ್ತಿ ಮಾಡಿದಿರಿ. ಉಂಡಿಯನ್ನೂ. ಪಂಚನಾಮೆಯಲ್ಲಿ ತಂಬಿಗೆ ಮಾತ್ರ ಇದೆ. ಉಂಡಿ ಎಲ್ಲಿ ಹೋದವೆಂದು ಕೇಳುವಷ್ಟು ಅವಿನಯ ನನಗಿಲ್ಲ; ಚೆನ್ನಾಗಿದ್ದವೇ ಎಂದಷ್ಟೇ ಕೇಳುತ್ತೇನೆ.

ನಮ್ಮ ವಕೀಲ ಸರ್ಫರಾಜ್ ಸಾಹೇಬರು ದಾರಿ ತೋರಿಸಿದರು: "ನಾ ತಗೊಂಡೇ ಇಲ್ಲ ಅನ್ರಿ ವೈನಿ. ಕ್ಯಾಮೆರಾದಾಗ ಮಾರಿ ಸಾಫ್ ಕಾಣಂಗಿಲ್ಲ. ಮಾಲೀಕನೂ ಹೂಂ ಅಂತಾನ. ಕೇಸ್ ಖತಂ."

"ಎಲ್ಲಾರ ಮುಂದ ಕದ್ದೀನ್ರಿ ವಕೀಲ್ ಸಾಬ್ರ," ಅಂದಳು ಜಯಮಾಲಾ. "ಈಗ ಇಲ್ಲ ಅಂತ ಹ್ಯಾಂಗ ಅನ್ಲಿ?"

"ಹಂಗಾದ್ರ ನಮ್ಮ ಬಚಾವ್ ಏನ್ರಿ? ಕದ್ದೀವಿ ಅನ್ನೋದಾ?"

"ಹೌದ್ರಿ. ಅದೇ."

ಸಾಹೇಬರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

ಕಳವಿಗೆ ಅಪ್ರಾಮಾಣಿಕ ಉದ್ದೇಶ ಬೇಕೆಂದು ಕಾನೂನೇ ಹೇಳುತ್ತದೆ. ಆಕೆಯ ಉದ್ದೇಶ ಉಂಡಿ ಕಟ್ಟುವುದಾಗಿತ್ತು. ಕೋರ್ಟಿನಲ್ಲಿ ಈ ವಾದ ಗೆಲ್ಲಬಹುದು. ಅಷ್ಟರಲ್ಲಿ ಆಕೆಯ ಕೆಲಸ ಹೋಗಿರುತ್ತದೆ. ಅಂಗನವಾಡಿ ಕಾರ್ಯಕರ್ತೆಯಾಗಿ ಆಯ್ಕೆಯಾಗಿದ್ದಾಳೆ. ಆದೇಶ ಬರಬೇಕಾದರೆ ನಡತೆಯ ವರದಿ ನಿಮ್ಮಿಂದ ಹೋಗಬೇಕು. ಒಂದು ಸುಳ್ಳು ಹೇಳಿದರೆ ಎಲ್ಲ ಸಲೀಸೆಂದು ನಾನೂ ಪಿಸುಗುಟ್ಟಿದೆ. "ಸುಳ್ಳು ಹೇಳಿ ಒಳಗ ಹೋಗಿ ಆ ಕೂಸುಗಳಿಗೆ ಏನ್ ಕಲಿಸ್ಲಿ?" ಎಂದಳು. ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ತಿಳಿಸಿ.

ಆದ್ದರಿಂದ, ಬಿ ರಿಪೋರ್ಟ್ ಹಾಕಿ ಈ ಪ್ರಕರಣ ಮುಚ್ಚಿ. ಅದಕ್ಕೆ ಕೈ ಬಾರದಿದ್ದರೆ ನಡತೆಯ ವರದಿಯಲ್ಲಿ ನಡೆದದ್ದನ್ನೇ ಬರೆಯಿರಿ: ಈಕೆ ಎಲ್ಲರೆದುರು ತೆಗೆದುಕೊಂಡಳು, ಕೇಳಿದಾಗ ಒಪ್ಪಿಕೊಂಡಳು, ಖಾಲಿ ಒಯ್ದದ್ದನ್ನು ತುಂಬಿ ತಂದಳು. ಕೆಳಗೆ ಸಹಿ ಹಾಕಿ. ಇಂಥವಳ ಕೈಗೆ ಮಕ್ಕಳನ್ನು ಕೊಡಬಹುದೋ ಬಾರದೋ, ಇಲಾಖೆಯವರೇ ಓದಿ ಹೇಳಲಿ.

ಇಂತಿ,
ಒಂದನೇ ಆರೋಪಿಯ ಗಂಡ,
ಚಪ್ಪಾಳೆ ತಟ್ಟಿದ್ದಕ್ಕೆ ಇನ್ನೂ ಕಟ್ಟದವನು ದಂಡ,
ವೀರಭದ್ರ, ಬಸವಕಲ್ಯಾಣ