ರೆಪ್ಪೆ ಬಡಿಯುವಷ್ಟು ತಡ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ, ಬೈಯಬೇಡ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳ ಕೈಯಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಈಗಲೂ ಜಗಳವಾಡುತ್ತವೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಇರುವುದು ಅಂಗಡಿಯಲ್ಲಿ, ಅಪ್ಪನ ಕಿವಿಯ ಪಕ್ಕ. ಅಲ್ಲದೆ ನೀನು ದನಿ ಏರಿಸಿದರೆ ನನ್ನ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ನನಗೆ ಮೂಗಿ ಎಂದು ಹೆಸರಿಟ್ಟವನು ನೀನೇ ತಾನೆ.

ಅಣ್ಣಾ, ಭಾನುವಾರ ಬರುವವನಿಗೆ ನೀನು ಒಯ್ದಿರುವ ಅಪ್ಪನ ಹಳೆಯ ಗೇಮ್ ಮಷಿನು, ಕ್ಯಾಸೆಟ್ಟುಗಳನ್ನು ಮಾರಬೇಡ.

ಕೋಪ ಬಂತಲ್ಲವೆ? ಬರಲಿ, ಪೂರ್ತಿ ಓದು.

ನೀನು ಹೇಳಿದ್ದು ಸುಳ್ಳಲ್ಲ. ಕ್ಷೌರದಂಗಡಿಯ ಕಪಾಟಿನಲ್ಲಿ ಹೆಚ್ಚಿನ ಕ್ಯಾಸೆಟ್ಟುಗಳು ಧೂಳು ತಿನ್ನುತ್ತಿದ್ದವು. ಮೊದಲು ಆಡುತ್ತ ಕಾಯುತ್ತಿದ್ದ ಗಿರಾಕಿಗಳು ಈಗ ತಲೆ ಬಗ್ಗಿಸಿ ಮೊಬೈಲ್ ನೋಡುತ್ತಾರೆ. ಕೊಳ್ಳುವವನು ಗಾಜಿನ ಬೀರುವಿನಲ್ಲಿಟ್ಟು ಸಾಕುತ್ತಾನೆ, ಅದೂ ನಿಜ. ನೀನು ಬದಲಿಗೆ ತಂದು ಹೊಸ ಚಪ್ಪಟೆ ಟೀವಿಗೆ ಸಿಕ್ಕಿಸಿದ ಪುಟ್ಟ ಡಬ್ಬಿಯಲ್ಲಿ ಅಷ್ಟೂ ಆಟಗಳಿವೆ; ಅದೇ ಬಣ್ಣ, ಅದೇ ಸಂಗೀತ. ಅಪ್ಪನೂ "ಒಳ್ಳೇದಾಯ್ತು ಬಿಡು, ಧೂಳು ಒರೆಸೋದು ತಪ್ತು" ಎಂದು ನಕ್ಕಿದ್ದರು.

ಆದರೆ ನೀನೊಂದು ಮರೆತೆ. ಅಪ್ಪ ದಿನಾ ಕತ್ತಿ ಮುಟ್ಟುವ ಮೊದಲು ಸೇತುವೆ ಆಟ ಆಡುತ್ತಾರೆ. ಮುರಿದ ಸೇತುವೆಯ ತುದಿಯಿಂದ ಗೊಂಬೆ ಹಾರಿ ಆಚೆ ನಿಂತರೆ ಕೈ ನೆಟ್ಟಗಿದೆ ಎಂದು ಲೆಕ್ಕ, ಆಮೇಲೆಯೇ ಅಂಗಡಿಯ ಬಾಗಿಲು. ಅಪ್ಪನ ಡಾಕ್ಟರು ಟೀವಿಯೊಳಗಿದ್ದಾನೆ ಎಂದು ನಾವು ಗೇಲಿ ಮಾಡುತ್ತಿದ್ದೆವು.

ಡಬ್ಬಿ ಬಂದಂದಿನಿಂದ ಅಪ್ಪ ಪ್ರತಿ ಸಲವೂ ಬೀಳುತ್ತಿದ್ದಾರೆ. ಮೊದಲು ಗುಂಡಿ ಸರಿಯಿಲ್ಲ ಎಂದರು. ಆಮೇಲೆ ಪಕ್ಕದ ಟೈಲರನ ಮಗಳು, ಹಳೆಯ ಮಷಿನನ್ನು ಮುಟ್ಟಿಯೂ ನೋಡದವಳು, ಅದೇ ಡಬ್ಬಿಯಲ್ಲಿ ಸಲೀಸಾಗಿ ದಾಟಿಬಿಟ್ಟಳು. ಅಪ್ಪ ತಮ್ಮ ಅಂಗೈಯನ್ನೇ ನೋಡಿಕೊಂಡರು. ಈಗ ಗಡ್ಡಕ್ಕೆ ಬಂದವರನ್ನು ವಾಪಸು ಕಳಿಸುತ್ತಾರೆ. ಕತ್ತಿಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಬರುವ ಸೋಮವಾರ ಅಂಗಡಿಯನ್ನು ಟೈಲರನಿಗೆ ಬಿಟ್ಟುಕೊಡುವುದಾಗಿ ಮಾತು ಕೊಟ್ಟಾಗಿದೆ.

ನಾನೂ ಆಡಿ ನೋಡಿದೆ. ನಾನೂ ಬಿದ್ದೆ. ಗುಂಡಿ ಒತ್ತುವುದಕ್ಕೂ ಗೊಂಬೆ ಹಾರುವುದಕ್ಕೂ ನಡುವೆ ರೆಪ್ಪೆ ಬಡಿಯುವಷ್ಟು ತಡವಿದೆ, ಅಣ್ಣಾ. ಹೊಸಬರು ಆ ತಡವನ್ನೂ ಸೇರಿಸಿಯೇ ಕಲಿಯುತ್ತಾರೆ. ನಮ್ಮ ಕೈಗೆ ಹಳೆಯ ಅಳತೆಯೇ ರೂಢಿ. ಅಪ್ಪನಿಗೆ ಇದನ್ನು ಹೇಳಿದೆ, ಅವರೆದುರಿಗೇ ಬಿದ್ದೂ ತೋರಿಸಿದೆ. ಅವರು ಕೇಳಿದ್ದು ಇಷ್ಟೇ: "ನನ್ನ ಸಮಾಧಾನಕ್ಕೆ ಬೇಕಂತಾನೇ ಬೀಳ್ತೀಯೇನೇ, ಕಳ್ಳಿ?"

ಇದಕ್ಕೆ ಉತ್ತರ ಇರುವುದು ನಿನ್ನ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ. ಹಳೆಯ ದಪ್ಪ ಟೀವಿಯನ್ನು ಗುಜರಿಗೆ ಹಾಕು ಎಂದಿದ್ದೆಯಲ್ಲ, ಹಾಕಿಲ್ಲ, ಅಟ್ಟದ ಮೇಲಿದೆ. ಶನಿವಾರದೊಳಗೆ ಮಷಿನು, ಸೇತುವೆ ಕ್ಯಾಸೆಟ್ಟು ಎರಡನ್ನೂ ತಾ. ಅಪ್ಪ ದಾಟಿದರೆ ಅವು ಇಲ್ಲೇ ಇರಲಿ. ಒಂದು ಕಡಿಮೆಯಾದರೂ ಇಡೀ ಸೆಟ್ ಬೇಡ ಎನ್ನುವವನು ಆ ಭಾನುವಾರದ ಗಿರಾಕಿ, ಗೊತ್ತು. ಬೇಡವೆಂದರೆ ಹೋಗಲಿ. ಹಳೆಯ ಮಷಿನಿನಲ್ಲೂ ಅಪ್ಪ ಬಿದ್ದರೆ ನಾನು ಮತ್ತೆ ಬಾಯಿ ಬಿಡುವುದಿಲ್ಲ. ಎಲ್ಲವನ್ನೂ ನಾನೇ ಕಟ್ಟಿಕೊಡುತ್ತೇನೆ, ಟೈಲರನಿಗೆ ಅಂಗಡಿಯ ಬೀಗದ ಕೈಯನ್ನೂ.

ನಾಳೆ ಮೊದಲ ಬಸ್ಸಿನ ಕಂಡಕ್ಟರ್ ಹತ್ತಿರ ಈ ಕಾಗದ ಕೊಡುತ್ತೇನೆ. ಅತ್ತಿಗೆಗೆ ಹೇಳಬೇಡ, ನಗುತ್ತಾರೆ.

ಇಂತಿ ನಿನ್ನ ತಂಗಿ,
ಮೂಗಿ

ತಾ.ಕ.: ಗುರುವಾರ. ಮೊದಲ ಬಸ್ಸು ತಪ್ಪಿತು, ಇದನ್ನು ಮಧ್ಯಾಹ್ನದ ಬಸ್ಸಿಗೆ ಕೊಡುತ್ತೇನೆ. ಬೆಳಿಗ್ಗೆ ನಾನೇ ಒಂದು ಕತ್ತಿಯನ್ನು ಬಟ್ಟೆಯಿಂದ ಬಿಚ್ಚಿಟ್ಟು, ಕುರ್ಚಿಯಲ್ಲಿ ಕೂತು, ಕುತ್ತಿಗೆಯ ಹಿಂದಿನ ಕೂದಲು ತೆಗೆಯಿರಿ ಎಂದು ಅಪ್ಪನನ್ನು ಕೇಳಿದೆ. ಕತ್ತಿಯನ್ನು ಮತ್ತೆ ಮತ್ತೆ ಮಸೆದು ಆಮೇಲೆ ತೆಗೆದರು. ಕೊನೆಯಲ್ಲಿ ಒಂದು ಕಡೆ ಗೀರಿತು. ನಾನು ಬೆದರಿ ಅಲ್ಲಾಡಿದ್ದಕ್ಕೋ, ಅವರ ಕೈಯಿಂದಲೋ, ನಿಜವಾಗಿಯೂ ಗೊತ್ತಿಲ್ಲ. ರಕ್ತ ಒಸರುವ ಮೊದಲೇ ಟವೆಲ್ ಹೊದ್ದುಕೊಂಡು, ನುಣ್ಣಗಾಗಿದೆ ಅಪ್ಪಾ ಎಂದು ಎದ್ದೆ. ಟವೆಲನ್ನು ಈಗಷ್ಟೇ ಒಗೆದು, ಅವರ ಕಣ್ಣಿಗೆ ಬೀಳದ ಕಡೆ ಒಣಹಾಕಿ ಬಂದೆ.